ಒಗ್ಗರಣೆಯಿಲ್ಲದ ದಿನಗಳು

ನಮ್ಮ ಮನೆಯಲ್ಲಿ ಒಗ್ಗರಣೆ ನಿಂತಿತೆಂದರೆ ಯಾರಿಗೋ ಅಮ್ಮ, ಅಂದರೆ ಸೀತಾಳೆ ಸಿಡುಬು, ಆಗಿದೆ ಎಂದು ಬೀದಿಗೆಲ್ಲ ತಿಳಿಯುತ್ತಿತ್ತು. ಸಾಸಿವೆ ಸಿಡಿದರೆ ದೇವಿಗೆ ಸಿಟ್ಟು ಬರುತ್ತದೆಂಬುದು ಅಜ್ಜಿಯ ನಂಬಿಕೆ. ಬಾಗಿಲಿಗೆ ಬೇವಿನ ಸೊಪ್ಪು, ನನಗೆ ಮೂಲೆಯಲ್ಲಿ ಹಳೇ ಪಂಚೆ ಹಾಸಿದ ಚಾಪೆ, ಊಟಕ್ಕೆ ಬರೀ ಮೊಸರನ್ನ. ಶಾಲೆ ತಪ್ಪಿದ ಖುಷಿಯನ್ನು ತುರಿಕೆ ನುಂಗಿಹಾಕಿತ್ತು. "ಕೆರ್ಕೋಬೇಡ್ವೋ, ಕಲೆ ಉಳಿಯುತ್ತೆ, ಸೊಪ್ಪಲ್ಲಿ ಸವರ್ಕೋ" ಎಂದು ಅಜ್ಜಿ ಕಾವಲು ಕೂತಿರುತ್ತಿದ್ದಳು.

ಅಜ್ಜಿಯ ಕಾನೂನುಗಳಲ್ಲಿ ಅರ್ಧಕ್ಕೆ ಇವತ್ತೂ ಪೂರ್ತಿ ಅಂಕ ಕೊಡುತ್ತೇನೆ. ಬಾಗಿಲ ಸೊಪ್ಪು ನೋಡಿದ ನೆಂಟರು ಹೊರಗಿನಿಂದಲೇ ತಿರುಗಿಹೋಗುತ್ತಿದ್ದರು. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಕೊನೆಯ ಗುಳ್ಳೆ ಹಕ್ಕಳೆ ಕಟ್ಟುವ ತನಕ ಉಸಿರಿನಲ್ಲೇ ಹರಡುವ ಕಾಯಿಲೆಯಿದು. ಸ್ನಾನ ಕೂಡದೆಂಬ ನಿಯಮಕ್ಕೆ ಮಾತ್ರ ಸೊನ್ನೆ. ಉಗುರುಬೆಚ್ಚಗಿನ ನೀರು ತುರಿಕೆ ತಗ್ಗಿಸುತ್ತದೆ. ಔಷಧಿ ಮುಟ್ಟಬಾರದೆಂಬುದಕ್ಕೂ ಸೊನ್ನೆಯೇ.

ಅವಳ ಭಯಕ್ಕೆ ಕಾರಣವಿತ್ತು. ಊರುಗಳನ್ನೇ ಬರಿದು ಮಾಡಿದ ಸಿಡುಬನ್ನು ಕಂಡವಳು ಅವಳು. ಸೀತಾಳೆ ಸಿಡುಬು ಅದರ ತಂಗಿಯಲ್ಲ, ಬೇರೆಯೇ ಕಾಯಿಲೆ ಎಂದು 1767ರಲ್ಲೇ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಬಿಡಿಸಿ ಹೇಳಿದ್ದ. ಸಿಡುಬಿನ ಗುಳ್ಳೆಗಳು ಮುಖ, ಕೈಕಾಲುಗಳಲ್ಲಿ ದಟ್ಟ, ಎಲ್ಲವೂ ಒಟ್ಟಿಗೇ ಮಾಗುವಂಥವು. ಸೀತಾಳೆಯದು ಎದೆ ಬೆನ್ನಿನಲ್ಲಿ ಹೆಚ್ಚು; ಕೆಂಪು ಚುಕ್ಕೆ, ನೀರ್ಗುಳ್ಳೆ, ಹಕ್ಕಳೆ ಮೂರೂ ಒಂದೇ ಹೊತ್ತಿಗೆ ಅಕ್ಕಪಕ್ಕ ಕಾಣುತ್ತವೆ.

ನಾನು ಎದ್ದು ಓಡಾಡುವ ಹೊತ್ತಿಗೆ ಚಿಕ್ಕಪ್ಪ ಮಲಗಿದರು. ಸೋಂಕು ತಗುಲಿ 10ರಿಂದ 21 ದಿನಕ್ಕೆ ಗುಳ್ಳೆ ಏಳುವುದು ಇದರ ಲೆಕ್ಕ. ನನಗೆ ಆಟವಾಗಿದ್ದದ್ದು ಅವರಿಗೆ ನ್ಯುಮೋನಿಯಾಕ್ಕೆ ತಿರುಗಿ ಆಸ್ಪತ್ರೆ ಸೇರಬೇಕಾಯಿತು. ದೊಡ್ಡವರಿಗೆ ಇದು ಹಾಗೆಯೇ, ಜೋರು. ಗುಳ್ಳೆ ಕಂಡ 24 ಗಂಟೆಯೊಳಗೆ ಶುರುಮಾಡಿದರೆ ಅಸೈಕ್ಲೋವಿರ್ ಚೆನ್ನಾಗಿ ಕೆಲಸ ಮಾಡುತ್ತದೆ.

1964ರಲ್ಲಿ ತನ್ನ ಮಗ ಈ ಕಾಯಿಲೆಯಿಂದ ನರಳಿದ್ದನ್ನು ಕಂಡ ಜಪಾನಿನ ಮಿಚಿಯಾಕಿ ತಕಾಹಶಿ ಹಟ ಹಿಡಿದು, 1974ರ ಹೊತ್ತಿಗೆ ಲಸಿಕೆ ತಂದರು. ನಮ್ಮಲ್ಲಿ ಅದು ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ದುಡ್ಡು ಕೊಟ್ಟು ಎರಡು ಡೋಸ್ ಹಾಕಿಸಬೇಕು. ಮೊಮ್ಮಗಳಿಗೆ ಹಾಕಿಸಿದ್ದೇವೆ. ನನಗೋ, ಈ ವಯಸ್ಸಿನಲ್ಲಿ ಪಕ್ಕೆಯ ಸುತ್ತ ಸರ್ಪಸುತ್ತು ಎದ್ದಿತು. ಬಾಲ್ಯದ ಆ ವೈರಸ್ಸೇ ನರದ ಬುಡದಲ್ಲಿ ಇಷ್ಟು ಕಾಲ ಅಡಗಿತ್ತಂತೆ. ನಂಬಿಕೆಯ ಬಾಡಿಗೆದಾರ!

ಸೀತಾಳೆ ಆದ ಮಕ್ಕಳ ಜ್ವರಕ್ಕೆ ಡಾಕ್ಟರು ಹೇಳಿದಷ್ಟು ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್ ಬೇಡವೇ ಬೇಡ. ಮೆದುಳು, ಲಿವರ್ ಎರಡಕ್ಕೂ ಕುತ್ತು ತರಬಹುದು. ಹರಕೆ ಹೊತ್ತುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ದೊಡ್ಡವರಿಗೋ ಬಸುರಿಗೋ ಆದರೆ ಗುಳ್ಳೆ ಕಂಡ ದಿನವೇ ಡಾಕ್ಟರಿಗೆ ತೋರಿಸಿ. ಹೋಗುವ ಮುಂಚೆ ಫೋನ್ ಮಾಡಿ ತಿಳಿಸಿ. ಅಲ್ಲಿ ಸಾಲಿನಲ್ಲಿ ಬೇರೆ ಬಸುರಿಯರೂ ಕೂತಿರುತ್ತಾರೆ.