ಸಾವಿರ ಮೆಟ್ಟಿಲ ಹರಕೆ, ಕೆರೆ ದಂಡೆಯ ನಡಿಗೆ

ಬೆಳಗಿನ ಆರು ಗಂಟೆ. ಚಾಮುಂಡಿ ಬೆಟ್ಟದ ಪಾದದಲ್ಲಿ ಇನ್ನೂ ಮಬ್ಬುಗತ್ತಲು. ಹೂವಿನ ಬುಟ್ಟಿಗಳಿಂದ ಮಲ್ಲಿಗೆಯ ಕಂಪು ಬರುತ್ತಿತ್ತು. ನಮ್ಮ ಮುಂದೆ ಹಸಿರು ಸೀರೆಯ ಹೆಂಗಸೊಬ್ಬರು ಎಡಗೈಯಲ್ಲಿ ಬಟ್ಟಲು ಹಿಡಿದು, ಪ್ರತಿ ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತ ಏರುತ್ತಿದ್ದರು. ಪಿಯುಸಿ ಮುಗಿಸಿ ಕಾಲೇಜು ಸೇರಲು ಮೈಸೂರಿಗೆ ಬಂದಿದ್ದ ಮಗಳು ಅವರನ್ನೇ ನೋಡುತ್ತಿದ್ದಳು.

‘ಅಮ್ಮ, ನೀನೂ ಯಾವತ್ತಾದರೂ ಹೀಗೆ ಹಚ್ಚಿದ್ದೀಯಾ?’

‘ಇನ್ನೂರು ಮೆಟ್ಟಿಲಿಗೆ ಹಚ್ಚಿದ್ದೆ. ಉಳಿದದ್ದು ಬಾಕಿ ಇದೆ’ ಎಂದೆ.

ಆ ಬಾಕಿಯ ಕಥೆಯನ್ನು ಮೆಟ್ಟಿಲೇರುತ್ತ ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ. ಗಂಟೆಗಟ್ಟಲೆ ಕೂತು ಓದುವ ಮಕ್ಕಳಿರುವ ಮನೆಯವರು ಕೇಳಬೇಕಾದ ಕಥೆ ಇದು.

ಹಾಸ್ಟೆಲಿನ ಟ್ರಂಕು

1996ರಲ್ಲಿ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಮೇಜು ಕುರ್ಚಿ ಇದ್ದರೂ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಓದುವುದು ಅಭ್ಯಾಸ. ಒಂದು ದಿನ ಮಂಚದಡಿಯ ಪುಸ್ತಕದ ಟ್ರಂಕನ್ನು ನಿಂತಲ್ಲಿಂದಲೇ ಬಗ್ಗಿ, ಸೊಂಟ ತಿರುಗಿಸಿ ಎಳೆದೆ. ಸೊಂಟದಲ್ಲಿ ಏನೋ ಛಳಕ್ಕೆಂದಿತು. ಮರುದಿನ ಆ ನೋವು ಪೃಷ್ಠದಿಂದಿಳಿದು, ತೊಡೆ, ಮೀನಖಂಡ ಹಾದು ಹೆಬ್ಬೆರಳಿನವರೆಗೆ ವಿದ್ಯುತ್ತಿನಂತೆ ಹರಿಯಿತು. ಕೆಮ್ಮಿದರೆ ಪ್ರಾಣ ಹೋದಂತೆ.

‘ಸ್ಲಿಪ್ ಡಿಸ್ಕ್, ಮೂರು ವಾರ ಹಾಸಿಗೆ ಬಿಟ್ಟು ಏಳಬೇಡ’ ಎಂದರು ವೈದ್ಯರು. ಆಗ ಬಹುತೇಕ ಎಲ್ಲರೂ ಹೇಳುತ್ತಿದ್ದದ್ದೂ ಅದನ್ನೇ. ಊರಿಂದ ಓಡಿಬಂದ ಅಮ್ಮ ನನ್ನನ್ನು ಮಲಗಿಸಿ, ದೇವಿಗೆ ಹರಕೆ ಹೊತ್ತರು: ‘ಮಗಳು ಎದ್ದು ಓಡಾಡಿದರೆ ಸಾವಿರ ಮೆಟ್ಟಿಲಿಗೂ ಅವಳ ಕೈಯಿಂದಲೇ ಅರಿಶಿನ ಕುಂಕುಮ ಹಚ್ಚಿಸುತ್ತೇನೆ.’

ಡಿಸ್ಕ್ ನಿಜಕ್ಕೂ ಜಾರುವುದಿಲ್ಲ. ಸೊಂಟದ ಭಾಗದಲ್ಲಿ ಐದು ಕಶೇರುಮಣಿಗಳಿವೆ. ಅವುಗಳ ನಡುವೆ ಮೆತ್ತೆಯಂತೆ ಕೂತಿರುವ ಡಿಸ್ಕಿಗೆ ಹೊರಗೆ ಗಟ್ಟಿ ನಾರಿನ ಕವಚ, ಒಳಗೆ ಲೋಳೆಯಂಥ ತಿರುಳು. ಹೋಳಿಗೆ ತಟ್ಟುವಾಗ ಒಂದೇ ಕಡೆ ಹೆಚ್ಚು ಒತ್ತಿದರೆ ಇನ್ನೊಂದು ಕಡೆ ಕಣಕ ಹರಿದು ಹೂರಣ ಹೊರಬರುತ್ತದಲ್ಲ, ಹಾಗೆಯೇ ಇಲ್ಲೂ. ಮುಂದಕ್ಕೆ ಬಾಗಿದಾಗ ತಿರುಳು ಹಿಂದಕ್ಕೆ ತಳ್ಳಲ್ಪಟ್ಟು, ಪಕ್ಕದಲ್ಲೇ ಕಾಲಿಗೆ ಇಳಿಯುವ ನರದ ಬೇರನ್ನು ಕೆಣಕುತ್ತದೆ. ಕಾಲುನೋವಿಗೂ ಡಿಸ್ಕಿಗೂ ಇರುವ ಈ ನಂಟನ್ನು ಅಮೆರಿಕದ ಬಾಸ್ಟನ್ನಿನ ವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ಜಗತ್ತಿಗೆ ತಿಳಿಸಿದರು.

ಇನ್ನೂರನೇ ಮೆಟ್ಟಿಲು

ಆರನೇ ವಾರಕ್ಕೆ ನೋವು ಇಳಿದಿತ್ತು. ಪರೀಕ್ಷೆಗೆ ಮೊದಲೇ ಹರಕೆ ತೀರಿಸಿಬಿಡೋಣವೆಂದು ಅಮ್ಮ, ನಾನು ಬೆಳಗಿನ ಜಾವವೇ ಬೆಟ್ಟದ ಪಾದಕ್ಕೆ ಬಂದೆವು.

ಸುಮಾರು 3,500 ಅಡಿ ಎತ್ತರದ ಈ ಬೆಟ್ಟಕ್ಕೆ ಸಾವಿರದಷ್ಟು ಕಲ್ಲಿನ ಮೆಟ್ಟಿಲುಗಳಿವೆ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದವು ಇವು ಎನ್ನುತ್ತಾರೆ. ಏಳುನೂರನೇ ಮೆಟ್ಟಿಲ ಸುಮಾರಿಗೆ ಕುಳಿತಿರುವ ಏಕಶಿಲಾ ನಂದಿಯೂ ಆ ಕಾಲದ್ದೇ. ಮೊದಲ ಭಾಗ ಕಡಿದು. ನಂದಿ ದಾಟಿದ ಮೇಲೆ ದಾರಿ ಹಗುರ.

ಒಂದೊಂದು ಮೆಟ್ಟಿಲಿಗೂ ಬಾಗಿ ಹಚ್ಚುತ್ತ ಹೋದೆ. ಇನ್ನೂರರ ಹತ್ತಿರ ಬಂದಾಗ ಬಟ್ಟಲು ಕೈಜಾರಿತು. ಕಾಲೊಳಗೆ ಬೆಂಕಿ ಹರಿದಂತಾಗಿ ಅಲ್ಲೇ ಕುಸಿದೆ. ಇಬ್ಬರು ಅಪರಿಚಿತರು ಹೆಗಲು ಕೊಟ್ಟು ಕೆಳಗಿಳಿಸಿದರು. ಈ ಬಾರಿ ಹೆಬ್ಬೆರಳು ಮೇಲಕ್ಕೆತ್ತಲು ಬಲವೇ ಇರಲಿಲ್ಲ. ಆ ವರ್ಷ ಪರೀಕ್ಷೆಗೆ ಕೂರಲಾಗಲಿಲ್ಲ. ‘ನಾನೇ ಮಗಳ ವರ್ಷ ಹಾಳು ಮಾಡಿದೆ’ ಎಂದು ಅಮ್ಮ ಎಷ್ಟೋ ದಿನ ಕಣ್ಣೀರಿಟ್ಟರು.

ತಪ್ಪು ಅಮ್ಮನದೂ ಅಲ್ಲ, ದೇವಿಯದೂ ಅಲ್ಲ. ಎಲ್ಲಿ ಎಡವಿದೆವೆಂದು ವಿವರಿಸಿದವರು ಆಮೇಲೆ ಸಿಕ್ಕಿದ ಫಿಸಿಯೋಥೆರಪಿಸ್ಟ್. ಮೊದಲ ತಪ್ಪು ಮೂರು ವಾರ ಮಲಗಿದ್ದು. ಅಷ್ಟು ದಿನ ಮಲಗಿದರೆ ಬೆನ್ನನ್ನು ಹಿಡಿದು ನಿಲ್ಲಿಸುವ ಸ್ನಾಯುಗಳೇ ಸೊರಗುತ್ತವೆ. ಎರಡು ದಿನ ಮಲಗಿದವರು ಏಳು ದಿನ ಮಲಗಿದವರಿಗಿಂತ ಬೇಗ ಕೆಲಸಕ್ಕೆ ಮರಳುತ್ತಾರೆಂದು ಬೆನ್ನುನೋವಿನವರ ಮೇಲೆ ನಡೆದ ಅಮೆರಿಕದ ಅಧ್ಯಯನವೊಂದು 1986ರಲ್ಲೇ ತೋರಿಸಿತ್ತು. ಕಾಲಿಗಿಳಿಯುವ ನೋವಿಗೂ ಹಾಸಿಗೆ ಹಿಡಿಯುವುದರಿಂದ ಹೆಚ್ಚಿನ ಲಾಭವಿಲ್ಲವೆಂದು 1999ರಲ್ಲಿ ಪ್ರಕಟವಾದ ಡಚ್ ಅಧ್ಯಯನ ಹೇಳಿತು.

ಎರಡನೆಯ ತಪ್ಪು ಬಾಗಿದ್ದು, ಅದೂ ಬೆಳಗಿನ ಜಾವದಲ್ಲಿ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಎತ್ತರವಾಗಿರುವುದು ಇದರಿಂದಲೇ. ಆಗ ಬಾಗಿದರೆ ಡಿಸ್ಕಿನ ಮೇಲಿನ ಎಳೆತ ಹೆಚ್ಚು. ಎದ್ದ ಕೂಡಲೇ ಬಾಗಿ ಕಸ ಗುಡಿಸುವುದು, ರಂಗೋಲಿ ಇಡುವುದು, ಪಾದಹಸ್ತಾಸನ ಮಾಡುವುದು, ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಡಿಸ್ಕಿನ ತೊಂದರೆ ಇದ್ದವರು ಎದ್ದ ಮೊದಲ ಒಂದೆರಡು ಗಂಟೆ ಬಾಗದಿರುವುದೇ ಒಳ್ಳೆಯದು.

ಕುಕ್ಕರಹಳ್ಳಿ ಕೆರೆಯ ಪಾಠ

ನನ್ನ ಬೆನ್ನಿಗೆ ನಿಜವಾದ ಶಾಲೆ ಕುಕ್ಕರಹಳ್ಳಿ ಕೆರೆ. ಮಾನಸಗಂಗೋತ್ರಿಗೆ ಅಂಟಿಕೊಂಡಿರುವ ಈ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ದಂಡೆಯುದ್ದಕ್ಕೂ ಮರಗಳ ನೆರಳು, ಸಮತಟ್ಟಾದ ಮಣ್ಣಿನ ದಾರಿ, ದಣಿದರೆ ಕೂರಲು ಬೆಂಚು. ನೀರಿನಲ್ಲಿ ಹೆಜ್ಜಾರ್ಲೆಗಳು ದೋಣಿಯಂತೆ ತೇಲುತ್ತವೆ. ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತವೆ. ಪೂರ್ತಿ ಸುತ್ತು ನಾಲ್ಕು ಕಿಲೋಮೀಟರಿನ ಆಸುಪಾಸು.

ನಾನು ಶುರುಮಾಡಿದ್ದು ಐದು ನಿಮಿಷದಿಂದ. ಒಂದು ಮರದಿಂದ ಮೂರನೇ ಮರದವರೆಗೆ ಹೋಗಿ ವಾಪಸ್ಸು. ದಿನಕ್ಕೆ ಮೂರು ಹೊತ್ತು. ನಾಲ್ಕೈದು ದಿನಕ್ಕೊಮ್ಮೆ ಒಂದು ಮರ ಹೆಚ್ಚು. ಪೂರ್ತಿ ಸುತ್ತು ಮುಗಿಸಲು ನಾಲ್ಕು ತಿಂಗಳು ಹಿಡಿಯಿತು.

ನಡಿಗೆಯೇ ಏಕೆ? ಜರ್ಮನಿಯ ಉಲ್ಮ್‌ನ ಸಂಶೋಧಕರು ಸ್ವಯಂಸೇವಕರೊಬ್ಬರ ಡಿಸ್ಕಿನೊಳಗೇ ಒತ್ತಡದ ಮಾಪಕ ಇಟ್ಟು ಅಳೆದ ಲೆಕ್ಕ 1999ರಲ್ಲಿ ಪ್ರಕಟವಾಯಿತು. ನಡೆಯುವಾಗಿನ ಒತ್ತಡ ನಿಂತಾಗಿನದಕ್ಕಿಂತ ಸ್ವಲ್ಪವೇ ಹೆಚ್ಚು. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ ಅದು ನಿಂತಾಗಿನ ನಾಲ್ಕು ಪಟ್ಟು ದಾಟಿತು. ಅದೇ ಭಾರವನ್ನು ಮಂಡಿ ಮಡಿಸಿ ಎತ್ತಿದಾಗ ಮೂರೂವರೆ ಪಟ್ಟಿನೊಳಗೇ ಉಳಿಯಿತು. ಮೈಗೆ ತಾಗಿಸಿ ಹಿಡಿದಾಗ ಇನ್ನೂ ಇಳಿಯಿತು. ನನ್ನ ಟ್ರಂಕಿನ ಕಥೆ ಆ ಅಂಕಿಗಳಲ್ಲೇ ಇದೆ.

ನೋವೇ ದಾರಿ ತೋರಿಸುತ್ತದೆ

ಮೈಸೂರು ಯೋಗದ ಊರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರಿದು. ಹೀಗಾಗಿ ನನಗೆ ಆಸನ ಹೇಳಿಕೊಡಲು ಬಂದವರಿಗೆ ಲೆಕ್ಕವಿಲ್ಲ. ಆದರೆ ಡಿಸ್ಕಿನ ನೋವು ಇರುವಾಗ ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಲಾಸನಗಳು ಬೇಡ. ಜಿಮ್ಮಿನ ಸಿಟ್‌ಅಪ್, ಎರಡೂ ಕಾಲು ಒಟ್ಟಿಗೆ ಎತ್ತುವುದು, ನೆಲದಿಂದ ಭಾರ ಎತ್ತುವುದು, ಬಾಗಿ ತಿರುಗುವುದು ಇವೂ ಬೇಡ.

ಹಾಗಾದರೆ ಬೇಕಾದದ್ದು ಯಾವುದು? ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ 1956ರಲ್ಲಿ ನಡೆದ ಪ್ರಸಂಗ ಇದಕ್ಕೆ ಬೆಳಕು ಚೆಲ್ಲುತ್ತದೆ. ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟರ ರೋಗಿಯೊಬ್ಬ, ತಲೆಯ ಕಡೆ ಎತ್ತರಿಸಿಟ್ಟಿದ್ದ ಮೇಜಿನ ಮೇಲೆ ಗೊತ್ತಾಗದೆ ಬೋರಲು ಮಲಗಿಬಿಟ್ಟ. ಬೆನ್ನು ಹಿಂದಕ್ಕೆ ಬಾಗಿದ ಆ ಭಂಗಿಯಲ್ಲಿ ಕೆಲವು ನಿಮಿಷ ಕಳೆಯುವಷ್ಟರಲ್ಲಿ ವಾರಗಟ್ಟಲೆ ಕಾಡಿದ ಕಾಲುನೋವು ಮಾಯ! ಇದರಿಂದ ಹುಟ್ಟಿದ ಸೂತ್ರ ಸರಳ: ವ್ಯಾಯಾಮ ಮಾಡುವಾಗ ನೋವು ಪಾದದಿಂದ ಮೇಲಕ್ಕೆ ಸರಿದು ಸೊಂಟಕ್ಕೆ ಮರಳಿದರೆ ಒಳ್ಳೆಯ ಲಕ್ಷಣ. ಸೊಂಟದಿಂದ ಕಾಲಿಗೆ ಇಳಿದರೆ ಆ ಕ್ಷಣವೇ ನಿಲ್ಲಿಸಿ.

ನನಗೆ ಹೊಂದಿದ್ದು ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು. ಎಲ್ಲರಿಗೂ ಇದು ಹೊಂದಬೇಕೆಂದಿಲ್ಲ. ಕೆಲವರಿಗೆ ಹಿಂದಕ್ಕೆ ಬಾಗಿದರೇ ನೋವು ಹೆಚ್ಚುತ್ತದೆ. ನೋವು ತಗ್ಗಿದ ಮೇಲೆ ಸೇರಿಸಿದ್ದು ಎರಡು. ಮಂಡಿ ಮತ್ತು ಅಂಗೈ ಊರಿ ನಿಂತು, ಬೆನ್ನು ಅಲುಗದಂತೆ ಎದುರುಬದುರು ಕೈಕಾಲು ಚಾಚುವುದು. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು. ಎಂಟು ಹತ್ತು ಸಲ ಸಾಕು. ಮೊದಲ ಸಲ ಮಾತ್ರ ತಿಳಿದವರ ಎದುರಿಗೇ ಮಾಡಿ ಕಲಿಯಬೇಕು.

ತಂದೆತಾಯಂದಿರಿಗೊಂದು ಮಾತು. ಹೆಚ್ಚಿನವರಿಗೆ ಈ ನೋವು ಆರರಿಂದ ಹನ್ನೆರಡು ವಾರಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆಯೇ ಇಳಿಯುತ್ತದೆ; ಹೊರಬಂದ ತಿರುಳು ಎಷ್ಟೋ ಸಲ ತಾನಾಗಿಯೇ ಕುಗ್ಗುತ್ತದೆ. ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ಹತೋಟಿ ತಪ್ಪಿದರೆ, ಗುದದ ಸುತ್ತ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಎರಡೂ ಕಾಲಿಗೆ ನೋವಿಳಿದರೆ, ಪಾದ ಎತ್ತಲಾಗದಂತೆ ಬಲ ಕುಂದುತ್ತ ಹೋದರೆ ಬೆಳಗಾಗಲೆಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಮಕ್ಕಳು ಸಂಕೋಚದಿಂದ ಇದನ್ನು ಹೇಳದಿರಬಹುದು, ನೀವೇ ಕೇಳಿ. ಓದುವ ಮಕ್ಕಳನ್ನು ಅರ್ಧ ಗಂಟೆಗೊಮ್ಮೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ. ‘ಅಲ್ಲಾಡದೆ ಕೂತು ಓದು’ ಎಂಬ ನಮ್ಮ ಹಳೆಯ ಗದರಿಕೆ ಬೆನ್ನಿಗೆ ಒಳ್ಳೆಯದಲ್ಲ.

ಬಾಕಿ ಲೆಕ್ಕ

ಮರುವರ್ಷ ಪರೀಕ್ಷೆ ಬರೆದೆ, ಪಾಸಾದೆ. ಆಮೇಲೆ ಒಂದು ಸಂಜೆ ಅಮ್ಮನೊಂದಿಗೆ ಬರಿಗೈಯಲ್ಲಿ ಬೆಟ್ಟ ಹತ್ತಿದೆ. ಐವತ್ತು ಮೆಟ್ಟಿಲಿಗೊಮ್ಮೆ ನಿಂತು, ಎರಡು ಗಂಟೆಯಲ್ಲಿ ನಂದಿಯವರೆಗೆ. ಅಲ್ಲಿ ಅಮ್ಮ ಹೇಳಿದರು: ‘ಸಾಕು ಕಣೇ. ನೀನು ನಿನ್ನ ಕಾಲ ಮೇಲೆ ಬಂದೆಯಲ್ಲ, ಅಷ್ಟೇ ನಾನು ಕೇಳಿಕೊಂಡಿದ್ದು. ಮಿಕ್ಕಿದ್ದಕ್ಕೆ ತಾಯಿ ಕಾಯುತ್ತಾಳೆ, ಬೆಟ್ಟ ಎಲ್ಲಿಗೂ ಓಡಿಹೋಗೋದಿಲ್ಲ.’

ಅಂದಿನಿಂದ ಬೆಟ್ಟಕ್ಕೆ ಬಂದಾಗಲೆಲ್ಲ ಒಂದೇ ಮೆಟ್ಟಿಲಿಗೆ ಹಚ್ಚುತ್ತೇನೆ. ಈ ಸಲವೂ ಬೆನ್ನು ನೇರವಿಟ್ಟು, ಒಂದು ಮಂಡಿ ಊರಿ ಕೂತು, ಅರಿಶಿನ ಕುಂಕುಮ ಇಟ್ಟು ಎದ್ದೆ.

‘ಈ ಲೆಕ್ಕದಲ್ಲಿ ಸಾವಿರ ಮುಗಿಯೋದು ಯಾವಾಗಮ್ಮ?’ ಎಂದಳು ಮಗಳು.

‘ಆತುರ ಏನಿದೆ?’ ಎಂದೆ. ಅವಳು ನಕ್ಕು, ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ನಾನು ಮಾಡಿದ ಹಾಗೆಯೇ ಮುಂದಿನ ಮೆಟ್ಟಿಲಿಗೆ ಮಂಡಿಯೂರಿದಳು.