ನಾನು ಕಂಡ ದೇವರಾಜ ಮಾರುಕಟ್ಟೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ದೇಶ ಸುತ್ತುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಆದರೆ ಈ ದಸರಾ ರಜೆಯಲ್ಲಿ ಐದು ದಿನ ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿ ಇದ್ದು ಬಂದೆ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಇವುಗಳ ಬಗ್ಗೆ ನಮ್ಮ ಗೋಡೆ ಪತ್ರಿಕೆಯಲ್ಲಿ ಬೇಕಾದಷ್ಟು ಜನ ಬರೆದಿದ್ದಾರೆ. ಅದಕ್ಕೇ ನಾನು ಮಾರುಕಟ್ಟೆಯ ಬಗ್ಗೆ ಬರೆಯುತ್ತಿದ್ದೇನೆ.

ದೇವರಾಜ ಮಾರುಕಟ್ಟೆ ಊರಿನ ನಟ್ಟನಡುವೆ ಸಯ್ಯಾಜಿರಾವ್ ರಸ್ತೆಯಲ್ಲಿದೆ. ವಿಜಯದಶಮಿಯ ದಿನ ಅಂಬಾರಿ ಹೊತ್ತ ಆನೆ ಇದೇ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಹೋಗುವುದು. ಒಂದು ಕಡೆಯ ಬಾಗಿಲ ಹತ್ತಿರ ಚಿಕ್ಕಗಡಿಯಾರ ಇದೆ. ವೈಸರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಅದನ್ನು ಕಟ್ಟಿದರಂತೆ. ಮಾರುಕಟ್ಟೆಗೂ ನೂರು ವರ್ಷದ ಮೇಲಾಗಿದೆ. 2016ರ ಆಗಸ್ಟ್ ತಿಂಗಳಲ್ಲಿ ಧನ್ವಂತರಿ ರಸ್ತೆಯ ಕಡೆಯ ಒಂದು ಭಾಗ ಕುಸಿದು ಬಿತ್ತು. ಆಮೇಲೆ ಇದನ್ನು ಕೆಡವಿ ಹೊಸದು ಕಟ್ಟಬೇಕೋ, ಹಳೆಯದನ್ನೇ ರಿಪೇರಿ ಮಾಡಬೇಕೋ ಎಂದು ವರ್ಷಗಟ್ಟಲೆ ವಾದ ನಡೆಯಿತು ಎಂದು ಚಿಕ್ಕಪ್ಪ ಹೇಳಿದರು.

ಬೆಳಿಗ್ಗೆ ಏಳು ಗಂಟೆಗೇ ಚಿಕ್ಕಮ್ಮನ ಜೊತೆ ಚೀಲ ಹಿಡಿದು ಒಳಗೆ ಹೋದೆ. ಮೊದಲು ಬಂದದ್ದು ವಾಸನೆ. ಒಂದು ಹೆಜ್ಜೆಗೆ ಮಲ್ಲಿಗೆ, ಇನ್ನೊಂದು ಹೆಜ್ಜೆಗೆ ಕೊತ್ತಂಬರಿ ಸೊಪ್ಪು, ಮುಂದೆ ಬೆಲ್ಲ, ಅದರ ಮುಂದೆ ಗಂಧದಕಡ್ಡಿ. ಕುಂಕುಮ ಮತ್ತು ಬಣ್ಣದ ಪುಡಿಗಳನ್ನು ತಟ್ಟೆಯ ಮೇಲೆ ಸಣ್ಣ ಗೋಪುರದ ಹಾಗೆ ಪೇರಿಸಿ ಇಟ್ಟಿದ್ದರು. ಸೀನಿದರೆ ಏನು ಗತಿ ಎಂದು ಮೂಗು ಮುಚ್ಚಿಕೊಂಡೇ ನಡೆದೆ.

ಅಲ್ಲಿ ಎಲ್ಲವನ್ನೂ ತಕ್ಕಡಿಯಲ್ಲಿ ತೂಗುವುದಿಲ್ಲ. ವೀಳ್ಯದೆಲೆಗೆ ಕಟ್ಟಿನ ಲೆಕ್ಕ. ನಿಂಬೆಹಣ್ಣು, ಹಸಿಮೆಣಸಿನಕಾಯಿಯನ್ನು ಗುಡ್ಡೆ ಹಾಕಿ ಮಾರುತ್ತಾರೆ. ಕಟ್ಟಿದ ಹೂವಿಗೆ ಮಾರಿನ ಲೆಕ್ಕ. ಮಾರು ಅಂದರೆ ಎರಡು ಕೈ ಚಾಚಿದಷ್ಟು ಉದ್ದ. "ಉದ್ದ ಕೈಯೋರ ಹತ್ರ ತಗೋಬೇಕು ಕಣೋ" ಅಂತ ಚಿಕ್ಕಮ್ಮ ನಕ್ಕರು. ನಮ್ಮ ಗಣಿತದ ಮೇಷ್ಟ್ರು ಇದನ್ನು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ಆಮೇಲೆ ಬಾಳೆಹಣ್ಣಿನ ಸಾಲಿಗೆ ಬಂದೆವು. ಗೊನೆಗಳನ್ನು ಹಗ್ಗ ಕಟ್ಟಿ ಮೇಲಿಂದ ಇಳಿಬಿಟ್ಟಿದ್ದರು. ಪಚ್ಚಬಾಳೆ, ಚಂದ್ರಬಾಳೆ, ನೇಂದ್ರ, ಏಲಕ್ಕಿ ಎಲ್ಲ ಇದ್ದವು. ಏಲಕ್ಕಿ ಬಾಳೆ ಕಂಡ ಕೂಡಲೇ ನನ್ನ ಕಾಲು ನಿಂತಿತು. ನಮ್ಮ ತೋಟದಲ್ಲಿರುವುದೂ ಅದೇ. ರಜೆಗೆ ಹೊರಡುವ ಹಿಂದಿನ ವಾರ ಅಪ್ಪ ತೋಟದಲ್ಲೇ ಕೆ.ಜಿ.ಗೆ 35 ರೂಪಾಯಿಯ ಹಾಗೆ ಗೊನೆ ಕೊಟ್ಟಿದ್ದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ, "ಇದು ಗಿಟ್ಟೋದಿಲ್ಲ. ಬಾಳೆ ಕಿತ್ತುಹಾಕಿ ನಾನೂ ಎಲ್ಲಾದರೂ ಕೂಲಿಗೆ ಹೋಯ್ತೀನಿ" ಅಂದಿದ್ದರು. ಅವ್ವ ಮಾತಾಡಿರಲಿಲ್ಲ.

"ಕೆ.ಜಿ. ಎಷ್ಟು ತಾತ?" ಅಂದೆ.

"ಎಂಬತ್ತು. ಎಷ್ಟು ಹಾಕ್ಲಿ?"

"ನಮ್ಮಪ್ಪ ಮೂವತ್ತೈದಕ್ಕೆ ಕೊಟ್ರು!" ಅಂತ ಬಾಯಿಗೆ ಬಂದೇಬಿಟ್ಟಿತು.

ಚಿಕ್ಕಮ್ಮ ಸುಮ್ಮನಿರು ಅಂತ ಕೈ ಹಿಂಡಿದರು. ಆದರೆ ತಾತ ಸಿಟ್ಟಾಗಲಿಲ್ಲ. "ಯಾವೂರು ಮಗ ನಿಂದು?" ಅಂದರು. ಗುಂಡ್ಲುಪೇಟೆ ಕಡೆ ಅಂದೆ. "ಓಹೋ, ತೋಟದೋರ ಮನೆ ಮಗ. ಬಾ, ಲೆಕ್ಕ ಹೇಳ್ತೀನಿ" ಅಂತ ಪಕ್ಕದ ಪೆಟ್ಟಿಗೆ ತೋರಿಸಿ ಕೂರಿಸಿದರು.

ಅವರ ಲೆಕ್ಕ ಹೀಗಿತ್ತು. ಅವರು ಮಂಡಿಯಿಂದ ಗೊನೆ ತಂದದ್ದು ಕೆ.ಜಿ.ಗೆ 56ರಂತೆ. 10 ಕೆ.ಜಿ.ಯ ಗೊನೆಗೆ 560 ರೂಪಾಯಿ. ಆ ತೂಕದಲ್ಲಿ ನಡುವಿನ ದಿಂಡೂ ಸೇರಿರುತ್ತದೆ. ಗಿರಾಕಿ ಹಣ್ಣು ಕೊಳ್ಳುತ್ತಾನೆ, ದಿಂಡು ಕೊಳ್ಳುವುದಿಲ್ಲ. ಅಲ್ಲಿಗೆ ಒಂದು ಕೆ.ಜಿ. ಹೋಯಿತು. ಉದುರಿದ್ದು, ಕಪ್ಪಾದದ್ದು ಇನ್ನೊಂದು ಕೆ.ಜಿ. ಉಳಿದ 8 ಕೆ.ಜಿ. ಮಾರಿದರೆ 640 ಬರುತ್ತದೆ. ಒಂದು ಗೊನೆಗೆ ಸಿಗುವ ಆ 80 ರೂಪಾಯಿಯಲ್ಲೇ ಆಟೋ, ಬಾಡಿಗೆ, ಕೆಲಸದ ಹುಡುಗನ ಸಂಬಳ ಎಲ್ಲ ಆಗಬೇಕು.

"ಹಂಗಾದ್ರೆ 35ಕ್ಕೂ 56ಕ್ಕೂ ನಡುವೆ 21 ರೂಪಾಯಿ ಏನಾಯ್ತು ತಾತ?" ಅಂದೆ.

ಅವರು ಬೆರಳು ಮಡಚಿ ಎಣಿಸಿದರು. ಗೊನೆ ಕಡಿಯುವ ಕೂಲಿ, ಲಾರಿ ಬಾಡಿಗೆ, ಹಮಾಲಿ, ಮಂಡಿಯ ಕಮಿಷನ್, ಹಣ್ಣು ಮಾಡುವ ಕೋಣೆಯ ಖರ್ಚು. ಮೊದಲು ಕೋಣೆಯಲ್ಲಿ ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರಂತೆ. ಈಗ ಎಥಿಲೀನ್ ಅನಿಲ ಬಿಡುವ ಕೋಣೆಗಳಿವೆ. ಕಾರ್ಬೈಡ್ ಹಾಕುವಂತಿಲ್ಲ, 2011ರ ಆಹಾರ ಸುರಕ್ಷತಾ ನಿಯಮದಲ್ಲೇ ಅದಕ್ಕೆ ನಿಷೇಧವಿದೆ. ಎಲ್ಲ ಎಣಿಸಿದ ಮೇಲೆ ತಾತ, "ಇಷ್ಟು ಖರ್ಚು ನಿಜ. ಆದ್ರೆ 21 ರೂಪಾಯಿ ಖರ್ಚು ಇಲ್ಲ. ಅವತ್ತು ಮೈಸೂರ್ ರೇಟು ನಿಮ್ಮಪ್ಪಂಗೆ ಗೊತ್ತಿತ್ತಾ?" ಅಂತ ಕೇಳಿದರು.

ಗೊತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೋಟಕ್ಕೆ ಬಂದವರು ಹೇಳಿದ್ದೇ ರೇಟು.

"ರೇಟು ಗೊತ್ತಿಲ್ದೋನು ಕೇಳಿದ ಬೆಲೆಗೆ ಕೊಡ್ತಾನೆ ಮಗ" ಅಂದರು ತಾತ.

ಹೊರಡುವಾಗ ಅವರು ಒಂದು ಸಣ್ಣ ಚಿಪ್ಪು ತೋರಿಸಿದರು. ಅದು ನಂಜನಗೂಡು ರಸಬಾಳೆ. ಜಿ.ಐ. ಮಾನ್ಯತೆ ಪಡೆದ ಹಣ್ಣು ಅದು. ಒಂದು ಕಾಲದಲ್ಲಿ ನಂಜನಗೂಡು ಸೀಮೆಯಲ್ಲಿ ಅದರದೇ ತೋಟಗಳಿದ್ದವಂತೆ. ಪನಾಮ ಸೊರಗು ರೋಗ ಬಂದು ತೋಟಗಳು ಹಾಳಾದವು. ಆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಎಷ್ಟೋ ವರ್ಷ ಉಳಿಯುತ್ತದೆ. "ರೋಗ ಬಂದು ಹೋದ ಬಾಳೆಗೆ ಯಾರೂ ಏನೂ ಮಾಡಕ್ಕಾಗ್ಲಿಲ್ಲ. ನಿಮ್ಮದು ರೋಗ ಬಂದು ಹೋಗ್ತಿಲ್ವಲ್ಲ" ಅಂದರು. ಈ ಮಾತು ನನ್ನ ಮನಸ್ಸಿನಲ್ಲಿ ನಿಂತಿತು.

ಹೊರಗೆ ಬಂದು ಗುರು ಸ್ವೀಟ್ಸ್ ಅಂಗಡಿಯಲ್ಲಿ ಮೈಸೂರುಪಾಕು ತಿಂದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪ ಎಂಬುವರು ಮೊದಲು ಮೈಸೂರುಪಾಕು ಮಾಡಿದರು ಎನ್ನುತ್ತಾರೆ. ಆ ಅಂಗಡಿ ಅವರ ವಂಶದವರದು. ಕಡಲೆಹಿಟ್ಟು, ಸಕ್ಕರೆ, ತುಪ್ಪ ಮೂರೇ ಸಾಮಾನು. ಬಾಯಿಗೆ ಹಾಕಿದರೆ ಕರಗುತ್ತದೆ. ಆದರೂ ನನ್ನ ತಲೆಯಲ್ಲಿ 21 ರೂಪಾಯಿಯೇ ಸುತ್ತುತ್ತಿತ್ತು.

ಮನೆಗೆ ಬಂದು ತಾತನ ಲೆಕ್ಕವನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಅಪ್ಪನಿಗೆ ಕೊಟ್ಟೆ. ಅಪ್ಪ ಎರಡು ಸಲ ಓದಿ ಜೇಬಿಗೆ ಇಟ್ಟುಕೊಂಡರು. ಸಂಜೆ ಪಕ್ಕದ ತೋಟದ ದೊಡ್ಡಪ್ಪನನ್ನು ಕರೆದು ಜಗುಲಿಯ ಮೇಲೆ ಕೂತು ಇಬ್ಬರೂ ಟೆಂಪೋ ಬಾಡಿಗೆಯ ಲೆಕ್ಕ ಹಾಕಿದರು. ಒಬ್ಬರ ಗೊನೆಗೆ ಟೆಂಪೋ ಗಿಟ್ಟುವುದಿಲ್ಲ. ಮೂರು ತೋಟದ್ದು ಸೇರಿದರೆ ಗಿಟ್ಟುತ್ತದೆ. ಮೈಸೂರಿನ ಎ.ಪಿ.ಎಂ.ಸಿ. ಯಾರ್ಡು ಬಂಡಿಪಾಳ್ಯದಲ್ಲಿದೆ, ನಮ್ಮ ಬಸ್ಸು ಹೋಗುವ ನಂಜನಗೂಡು ರಸ್ತೆಯಲ್ಲೇ. ಮುಂದಿನ ಕಟಾವನ್ನು ಅಲ್ಲಿಗೇ ಒಯ್ದು ನೋಡೋಣ ಎಂದು ಮಾತಾಗಿದೆ. ಲಾಭವೋ ನಷ್ಟವೋ ಇನ್ನೂ ಗೊತ್ತಿಲ್ಲ. ಬಾಳೆ ಕೀಳುವ ಮಾತು ಮಾತ್ರ ಸದ್ಯಕ್ಕೆ ನಿಂತಿದೆ.

ಕೃಷಿ ಮಾರಾಟ ಇಲಾಖೆಯವರು ‘ಕೃಷಿ ಮಾರಾಟವಾಹಿನಿ’ಯಲ್ಲಿ ಎ.ಪಿ.ಎಂ.ಸಿ. ಧಾರಣೆ ಹಾಕುತ್ತಾರೆ ಎಂದು ನಮ್ಮ ಸರ್ ಫೋನಿನಲ್ಲಿ ತೋರಿಸಿದರು. ಗುರುಗಳು ಒಪ್ಪಿದರೆ ಈ ಗೋಡೆ ಪತ್ರಿಕೆಯ ಮೂಲೆಯಲ್ಲಿ ವಾರಕ್ಕೊಮ್ಮೆ ಬಾಳೆ, ಟೊಮೇಟೊ, ಈರುಳ್ಳಿ, ಅರಿಶಿನದ ರೇಟು ಬರೆಯಬಹುದು. ನಮ್ಮ ಅಪ್ಪ ಅವ್ವಂದಿರು ಓದದಿದ್ದರೂ ನಾವು ಓದಿ ಹೇಳಬಹುದಲ್ಲ. ಸ್ನೇಹಿತರೇ, ನೀವೂ ಪೇಟೆಗೆ ಹೋದರೆ ನಿಮ್ಮ ಹೊಲದ ಬೆಳೆ ಅಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂದು ಕೇಳಿಕೊಂಡು ಬನ್ನಿ. ಕೇಳಲು ದುಡ್ಡು ಕೊಡಬೇಕಾಗಿಲ್ಲ.