ನೀವು ಯಾವ ತಂಡ?



ಪತ್ತೇದಾರಿ ಕಥೆ ಎಂದರೆ ನಮ್ಮ ಮನೆಯಲ್ಲಿ ಎನ್. ನರಸಿಂಹಯ್ಯನವರ ಕಾದಂಬರಿಗಳು; ಬಿ.ಎ.ಗೆ ಇಂಗ್ಲಿಷ್ ಓದಿದ ಮೇಲೆ ನನಗೆ ಶೆರ್ಲಾಕ್ ಹೋಮ್ಸನೂ ಜೊತೆಯಾದ. ಕೊಂದವರು ಯಾರು ಎಂಬುದೇ ಅಲ್ಲಿನ ಕುತೂಹಲ. ಈಚೆಗೆ ನೋಡಿದ ಒಂದು ಜರ್ಮನ್ ಧಾರಾವಾಹಿಯಲ್ಲಿ ಮಾತ್ರ, ಸತ್ತವನು ಯಾರ ಕಡೆಯವನು ಎಂಬ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿತು.

‘ಡಾಗ್ಸ್ ಆಫ್ ಬರ್ಲಿನ್’ ನೆಟ್‌ಫ್ಲಿಕ್ಸ್‌ಗಾಗಿ ತಯಾರಾಗಿ 2018ರ ಡಿಸೆಂಬರ್‌ನಲ್ಲಿ ಬಂದ ಹತ್ತು ಕಂತುಗಳ ಧಾರಾವಾಹಿ. ಜರ್ಮನಿ–ಟರ್ಕಿ ಫುಟ್‌ಬಾಲ್ ಪಂದ್ಯಕ್ಕೆ ಮುನ್ನ ಬರ್ಲಿನ್ನಿನ ಮಾರ್ತ್ಸಾನ್ ಬಡಾವಣೆಯಲ್ಲಿ ಒರ್ಕಾನ್ ಎರ್ಡೆಮ್ ಎಂಬ ಆಟಗಾರನ ಹೆಣ ಸಿಗುತ್ತದೆ. ಅವನು ಟರ್ಕಿ ಮೂಲದವನು, ಆಡಬೇಕಿದ್ದುದು ಜರ್ಮನಿಯ ಪರ. ಕೆಲವರ ಕಣ್ಣಿಗೆ ಹೊರಗಿನವನು, ಇನ್ನು ಕೆಲವರ ಕಣ್ಣಿಗೆ ದ್ರೋಹಿ.

ಹೋಮ್ಸ್ ಜಗಳದ ಹೊರಗೆ ನಿಂತು ನೋಡುತ್ತಾನೆ. ಇಲ್ಲಿನ ಪತ್ತೇದಾರರಿಬ್ಬರೂ ಜಗಳದ ಒಳಗಿನವರೇ. ಗ್ರಿಮ್ಮರ್ ಹಿಂದೆ ನವನಾಜಿಗಳ ಜೊತೆಗಿದ್ದವನು. ಟರ್ಕಿ ಮೂಲದ ಎರೋಲ್ ಬಿರ್ಕಾನ್‌ನನ್ನು ಮೇಲಧಿಕಾರಿಗಳು ಕರೆತರುವುದು ಅವನ ಜಾಣ್ಮೆಗಿಂತ ಹೆಚ್ಚಾಗಿ ಅವನ ಹೆಸರಿಗಾಗಿ. ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ!

ಕಥೆ ಕಲ್ಪಿತ, ಹಿನ್ನೆಲೆ ನಿಜ. 1961ರಲ್ಲಿ ಪಶ್ಚಿಮ ಜರ್ಮನಿ ಟರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ದುಡಿಯುವ ಕೈಗಳನ್ನು ಕರೆಸಿತು. ಇಟ್ಟ ಹೆಸರು ‘ಗಾಸ್ಟ್‌ಆರ್ಬೈಟರ್’, ಅಂದರೆ ಅತಿಥಿ ಕಾರ್ಮಿಕರು. ಅತಿಥಿ ಎಂದ ಮೇಲೆ ಹೊರಡಲೇಬೇಕಲ್ಲ! ಆದರೆ ಬಹಳ ಮಂದಿ ಅಲ್ಲೇ ಮನೆ ಮಾಡಿದರು, ಮಕ್ಕಳಾದವು, ಮೊಮ್ಮಕ್ಕಳಾದವು. ಅಲ್ಲಿ ಹುಟ್ಟಿದ ಇಂಥ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ಸಿಗುವಂತಾದದ್ದು 2000ದಿಂದ. ಎರಡು ದೇಶಗಳ ಪೌರತ್ವಕ್ಕೆ ಎಲ್ಲರಿಗೂ ದಾರಿಯಾದದ್ದು 2024ರಲ್ಲಿ. ಗೆಲ್ಸೆನ್‌ಕಿರ್ಶೆನ್‌ನಲ್ಲಿ ಹುಟ್ಟಿ, 2014ರಲ್ಲಿ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ ಮೆಸುಟ್ ಓಜಿಲ್ 2018ರ ಜುಲೈನಲ್ಲಿ ರಾಷ್ಟ್ರೀಯ ತಂಡ ಬಿಟ್ಟರು. ಗೆದ್ದಾಗ ಜರ್ಮನ್ನನಾಗಿ, ಸೋತಾಗ ವಲಸಿಗನಾಗಿ ಕಾಣುತ್ತೇನೆ ಎಂಬುದು ಅವರ ನೋವಾಗಿತ್ತು.

ನಮ್ಮ ಪಾಡು ಅಷ್ಟು ಕಠಿಣವಲ್ಲ. ಮುಂಬೈಗೆ ಬರಲು ನಮಗಾರಿಗೂ ಪಾಸ್‌ಪೋರ್ಟ್ ಬೇಕಾಗಲಿಲ್ಲ. ಆದರೂ ಪ್ರಶ್ನೆ ನಿಮಗೆ ಹೊಸದಲ್ಲ. ಇಲ್ಲೇ ಹುಟ್ಟಿದ ನನ್ನ ಮಗಳು ಕಾಲೇಜಿನಲ್ಲಿ ‘ಸೌತ್‌’ನವಳು, ಹುಬ್ಬಳ್ಳಿಗೆ ಹೋದರೆ ಕಾಕಾನ ಮಕ್ಕಳಿಗೆ ‘ಮುಂಬೈದಾಕಿ’. ಐಪಿಎಲ್ ಬಂತೆಂದರೆ ಎರಡೂ ಕಡೆಯಿಂದ ವಿಚಾರಣೆ: ಬೆಂಗಳೂರೋ, ಮುಂಬೈಯೋ? ಮೊದಮೊದಲು ನಗುತ್ತಿದ್ದಳು. ಒಮ್ಮೆ ಮಾತ್ರ, “ಆಯಿ, ನನ್ನನ್ನ ಯಾರೂ ತಮ್ಮಾಕಿ ಅನ್ನೂದಿಲ್ಲಲ್ಲ?” ಅಂದಳು. ಆ ಮಾತು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಅದಕ್ಕೇ ಈ ಮಾತು. ಮರಾಠಿ ನಿಮ್ಮ ಬೀದಿಯ ಭಾಷೆ, ಕನ್ನಡ ನಿಮ್ಮ ಮನೆಯ ಭಾಷೆ. ಒಂದನ್ನು ಇಟ್ಟುಕೊಳ್ಳಲು ಇನ್ನೊಂದನ್ನು ಬಿಡಬೇಕಾಗಿಲ್ಲ. ತಪ್ಪಾದರೂ ಸರಿ, ಕನ್ನಡ ಮಾತಾಡಿ. ಅದು ನೀವು ಯಾರಿಗೋ ತೋರಿಸಬೇಕಾದ ಗುರುತಿನ ಚೀಟಿಯಲ್ಲ, ಅಜ್ಜಿಯ ಜೊತೆ ಹರಟೆ ಹೊಡೆಯುವ ಸುಖ. ಸಂಘದ ಹಿರಿಯರಲ್ಲೂ ಒಂದು ವಿನಂತಿ: ಕಾರ್ಯಕ್ರಮಕ್ಕೆ ಬಂದ ಮಕ್ಕಳ ಉಚ್ಚಾರ ತಿದ್ದುವ ಮೊದಲು ಅವರಿಗೊಂದು ಕುರ್ಚಿ ಕೊಡೋಣ.

ಧಾರಾವಾಹಿಯಲ್ಲಿ ಹಿಂಸೆ, ಬೈಗುಳ ಬಹಳ. ಚಿಕ್ಕವರನ್ನು ಮಲಗಿಸಿದ ಮೇಲೆ ನೋಡಿ. ಇಂಗ್ಲಿಷ್ ಡಬ್ಬಿಂಗ್ ಬೇಡ, ಜರ್ಮನ್ ಧ್ವನಿಯಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ. ತಮ್ಮ ಮಾತಿನಲ್ಲೇ ಕೇಳಿದರೆ ಆ ಜನ ಹತ್ತಿರದವರಾಗುತ್ತಾರೆ.